ಬಾಷ್ಕಾ ಶಾಸನ

ಕ್ರೊಯೇಷಿಯಾದ ಕ್ರ್‌ಕ್ ದ್ವೀಪದಲ್ಲಿರುವ ಸೇಂಟ್ ಲೂಸಿ ಚರ್ಚಿನ ದತ್ತಿ ಶಾಸನ. ಕಾಲ: ಸುಮಾರು ಕ್ರಿ.ಶ. 1100.

ದೊರೆ ಜ್ವೊನಿಮಿರ್ ಈ ಚರ್ಚಿಗೆ ಭೂಮಿ ದಾನ ಕೊಟ್ಟ ಸಂಗತಿಯನ್ನು ಸುಣ್ಣಕಲ್ಲಿನಲ್ಲಿ 13 ಸಾಲುಗಳಾಗಿ ಕೊರೆಯಲಾಗಿದೆ. ದಾನವನ್ನು ಅಲ್ಲಗಳೆದವನಿಗೆ ದೇವರ, ಹನ್ನೆರಡು ಅಪೊಸ್ತಲರ, ನಾಲ್ವರು ಸುವಾರ್ತಾಕಾರರ ಮತ್ತು ಸಂತ ಲೂಸಿಯ ಶಾಪ ತಟ್ಟಲೆಂಬ ಶಾಪಾಶಯವೂ ಇದೆ.

ಲಿಪಿ ಗ್ಲಾಗೊಲಿಟಿಕ್. 863ರ ಸುಮಾರಿಗೆ ಥೆಸಲೊನಿಕಿಯ ಸಹೋದರರಾದ ಸಿರಿಲ್ ಮತ್ತು ಮೆಥೋಡಿಯಸ್ ಮೊರಾವಿಯಾದ ಸ್ಲಾವ್ ಜನರಿಗೆ ಅವರದೇ ನುಡಿಯಲ್ಲಿ ಧರ್ಮಗ್ರಂಥ ಓದಿಸಲು ಹೊರಟಾಗ ಸಿರಿಲ್ ರೂಪಿಸಿದ ಅಕ್ಷರಗಳಿವು. ಮೆಥೋಡಿಯಸ್ ತೀರಿಕೊಂಡ ಮೇಲೆ ಶಿಷ್ಯರನ್ನು ಅಲ್ಲಿಂದ ಓಡಿಸಲಾಯಿತು. ಬಲ್ಗೇರಿಯಾ ಅವರಿಗೆ ಆಶ್ರಯ ಕೊಟ್ಟಿತು. ಇಂದು ರಷ್ಯನ್, ಸರ್ಬಿಯನ್ ಭಾಷೆಗಳನ್ನು ಬರೆಯುವ ಸಿರಿಲಿಕ್ ಲಿಪಿ ಬೆಳೆದದ್ದು ಅಲ್ಲಿಯೇ. ಕ್ರೊಯೇಷಿಯಾದ ಕರಾವಳಿ ಮಾತ್ರ ಹಳೆಯ ಲಿಪಿಯನ್ನು ಶತಮಾನಗಳ ಕಾಲ ಬಿಡಲಿಲ್ಲ.

ಇನ್ನು ಶಾಸನದ ಭಾಷೆಯ ವಿಚಾರ. ಸ್ಲಾವಿಕ್ ಭಾಷೆಗಳಲ್ಲಿ ಪೂರ್ವ, ಪಶ್ಚಿಮ, ದಕ್ಷಿಣ ಎಂಬ ಮೂರು ಶಾಖೆಗಳಿವೆ. 6ನೇ ಶತಮಾನದಿಂದ ಬಾಲ್ಕನ್ನಿಗೆ ಬಂದು ನೆಲೆಸಿದವರ ನುಡಿಯೇ ದಕ್ಷಿಣ ಶಾಖೆಯಾಯಿತು. ಕ್ರೊಯೇಷಿಯನ್ ಆ ಶಾಖೆಗೆ ಸೇರಿದ್ದು. ಸ್ಲಾವ್ ಚರ್ಚಿನ ಭಾಷೆಯಾದ ಚರ್ಚ್ ಸ್ಲಾವೊನಿಕ್‌ನ ಗ್ರಾಂಥಿಕ ರೂಪಗಳ ನಡುವೆ ಜನರ ಆಡುಮಾತು ಈ ಕಲ್ಲಿನಲ್ಲಿ ಸ್ಪಷ್ಟವಾಗಿ ಇಣುಕುತ್ತದೆ. ಅದರ ನಿಜವಾದ ಬೆಲೆ ಇರುವುದೇ ಅಲ್ಲಿ.

ಶಾಸನ 1851ರಲ್ಲಿ ಚರ್ಚಿನ ನೆಲಹಾಸಿನಲ್ಲಿ ಸಿಕ್ಕಿತು. ಮೂಲ ಶಾಸನ ಜಾಗ್ರೆಬ್‌ನ ಕ್ರೊಯೇಷಿಯನ್ ವಿಜ್ಞಾನ ಮತ್ತು ಕಲಾ ಅಕಾಡೆಮಿಯಲ್ಲಿದೆ. ಚರ್ಚಿನಲ್ಲಿ ಇರುವುದು ಪ್ರತಿಕೃತಿ.