ಪೇಶೀಕ್ಷಯವೂ ಅದರ ಹೆಸರೂ

ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಮನುಷ್ಯದೇಹದ ಪೇಶಿಗಳನ್ನು 500 ಎಂದು ಎಣಿಸಿದೆ. ಅವುಗಳಲ್ಲಿ 400 ಕೈಕಾಲುಗಳಲ್ಲಿಯೂ, 66 ಮುಂಡದಲ್ಲಿಯೂ, 34 ಕತ್ತು ಮತ್ತು ಅದರ ಮೇಲ್ಭಾಗದಲ್ಲಿಯೂ ಇರುವುವೆಂದು ವಿಂಗಡಿಸಿ, ಸ್ತ್ರೀಯರಿಗೆ 20 ಹೆಚ್ಚೆಂದು ಹೇಳಿದೆ. ಸ್ನಾಯುಗಳೆಂಬುವು ಅಲ್ಲಿ ಬೇರೆ. ಅವು 900, ಸಂಧಿಗಳನ್ನು ಬಿಗಿದು ಹಿಡಿಯತಕ್ಕ ಹುರಿಗಳು. ಈಗ ಕನ್ನಡದಲ್ಲಿ ಸ್ನಾಯುವೆಂದರೆ ಪೇಶಿಯೆಂದೇ ರೂಢಿಯಾಗಿರುವುದನ್ನು ಪ್ರಾಚೀನರು ಒಪ್ಪುತ್ತಿದ್ದರೆಂದು ತೋರುವುದಿಲ್ಲ. ಇಲ್ಲಿ ಪೇಶಿಯೆಂಬ ಮಾತನ್ನೇ ಉಳಿಸಿಕೊಂಡಿದೆ.

ಇಂದಿನ ಶಾರೀರಶಾಸ್ತ್ರವು ಪೇಶಿಗಳಲ್ಲಿ ಮೂರು ಜಾತಿಗಳನ್ನು ಹೇಳುತ್ತದೆ. ಎಲುಬಿಗೆ ಹೊಂದಿಕೊಂಡು ನಮ್ಮ ಇಚ್ಛೆಯಂತೆ ನಡೆಯುವುವು ಒಂದು ಜಾತಿ. ಕರುಳು, ರಕ್ತನಾಳ, ಗರ್ಭಾಶಯ ಮೊದಲಾದವುಗಳ ಗೋಡೆಯಲ್ಲಿದ್ದು ನಮ್ಮನ್ನು ಕೇಳದೆಯೇ ದುಡಿಯುವ ನಯವಾದ ಪೇಶಿಗಳು ಇನ್ನೊಂದು. ಹೃದಯದ ಪೇಶಿಯು ಮೂರನೆಯದು. ನೋಟಕ್ಕೆ ಮೊದಲನೆಯದರಂತೆ ಅಡ್ಡಗೆರೆಗಳುಳ್ಳದ್ದಾದರೂ ಸ್ವಭಾವದಲ್ಲಿ ಎರಡನೆಯದರಂತೆ ಇಚ್ಛೆಗೆ ಅಧೀನವಲ್ಲ. ಇವುಗಳಿಗೆ ಬರುವ ವ್ಯಾಧಿಗಳಲ್ಲಿ ಉಳುಕು, ಶ್ರಮದ ನೋವು, ರಾತ್ರಿಯಲ್ಲಿ ಮೀನಖಂಡವು ಹಿಡಿದುಕೊಳ್ಳುವುದು ಮುಂತಾದುವು ಎಲ್ಲ ಮನೆಗಳಿಗೂ ಪರಿಚಿತವಾದುವು. ಬಹುಮಟ್ಟಿಗೆ ವಿಶ್ರಾಂತಿಯಿಂದಲೇ ಶಮನವಾಗತಕ್ಕವು. ಆದರೆ ಪೇಶಿಯು ದಿನೇ ದಿನೇ ಕ್ಷೀಣಿಸುವ ರೋಗವೊಂದುಂಟು. ಅದರ ಚರಿತ್ರೆಯು ವಿಚಾರಾರ್ಹವಾದುದು.

ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೂ ಐರೋಪ್ಯ ವೈದ್ಯರು ಅಂಗಗಳ ದೌರ್ಬಲ್ಯವನ್ನು ಕಂಡರೆ ಬಹುಮಟ್ಟಿಗೆ ನರಗಳನ್ನೋ ಬೆನ್ನುಹುರಿಯನ್ನೋ ದೂಷಿಸುತ್ತಿದ್ದರು. ಪೇಶಿಯು ಕೇವಲ ಸೇವಕ, ಆಜ್ಞೆ ಬಾರದಿದ್ದುದರಿಂದಲೇ ಸೊರಗಿತು ಎಂಬುದು ಅವರ ಎಣಿಕೆ. 1851ರ ಡಿಸೆಂಬರಿನಲ್ಲಿ ಲಂಡನ್ನಿನ ವೈದ್ಯಸಂಘವೊಂದರ ಮುಂದೆ ಎಡ್ವರ್ಡ್ ಮೇರಿಯನ್ ಎಂಬ ವೈದ್ಯನು ಓದಿದ ಪ್ರಬಂಧವು ಈ ಎಣಿಕೆಯನ್ನು ಅಲುಗಿಸಿತು. ಒಂದೇ ಮನೆಯ ನಾಲ್ವರು ಗಂಡುಮಕ್ಕಳು ಈ ವ್ಯಾಧಿಗೆ ಸಿಕ್ಕಿದ್ದರು. ಅವರಲ್ಲೊಬ್ಬನು ತೀರಿಕೊಂಡ ಮೇಲೆ ಮೇರಿಯನ್ನನು ದೇಹವನ್ನು ಪರೀಕ್ಷಿಸಿದನು. ಬೆನ್ನುಹುರಿಯೂ ನರಗಳೂ ನಿರ್ದುಷ್ಟವಾಗಿದ್ದುವು. ಸೂಕ್ಷ್ಮದರ್ಶಕದಲ್ಲಿ ಪೇಶಿಯನ್ನು ನೋಡಲಾಗಿ, ಅದರ ತಂತುಗಳು ನಾಶವಾಗಿ ಅನೇಕ ಕಡೆ ಎಣ್ಣೆಯ ಹನಿಗಳಾಗಿಯೂ ಕಣಗಳಾಗಿಯೂ ಮಾರ್ಪಟ್ಟಿದ್ದುವು. ತಂತುವನ್ನು ಸುತ್ತಿರುವ ಪೊರೆಯೇ ಒಡೆದುಹೋಗಿತ್ತು. ದೋಷವು ಪೇಶಿಯದೇ ಎಂದು ಅವನು ನಿರ್ಣಯಿಸಿದನು. ಮುಂದೆ ಇತರ ಕುಟುಂಬಗಳನ್ನೂ ಪರೀಕ್ಷಿಸಿ, ರೋಗವು ಹುಡುಗರಿಗೆ ಬರುವುದಾದರೂ ತಾಯಿಯ ಕಡೆಯಿಂದ ಇಳಿದು ಬರುವುದೆಂಬುದನ್ನು ಗುರುತಿಸಿದನು.

ಫ್ರಾನ್ಸಿನ ದುಶೇನನು ಬೂಲೋನ್ ಬಂದರಿನ ಕಡಲಿಗರ ಮನೆತನದವನು. 1842ರಲ್ಲಿ ಪ್ಯಾರಿಸ್ಸಿಗೆ ಬಂದು, ಯಾವ ಆಸ್ಪತ್ರೆಯಲ್ಲಿಯೂ ಅಧಿಕಾರಪದವಿಯಿಲ್ಲದೆ, ವಿದ್ಯುದ್ಯಂತ್ರವನ್ನು ಹೊತ್ತುಕೊಂಡು ರೋಗಿಗಳ ಬಳಿಗೆ ಹೋಗುತ್ತಿದ್ದನು. 1861ರಲ್ಲಿ ಇದೇ ವ್ಯಾಧಿಯನ್ನು ವರ್ಣಿಸಿದಾಗ ಅದಕ್ಕೆ ಮಿದುಳೇ ಮೂಲವೆಂದು ಬರೆದನು! 1868ರಲ್ಲಿ 13 ರೋಗಿಗಳ ವಿವರಗಳೊಡನೆ ಪುನಃ ಬರೆದು, ತಪ್ಪನ್ನು ತಿದ್ದಿಕೊಂಡನು. ಬದುಕಿರುವವನ ಪೇಶಿಯಿಂದಲೇ ಒಂದು ಚೂರನ್ನು ತೆಗೆಯತಕ್ಕ ಸೂಜಿಯನ್ನು ಕಲ್ಪಿಸಿ, ಅದನ್ನು ಈ ರೋಗಿಗಳಲ್ಲಿ ಬಳಸಿದ್ದು ಅವನ ಹಿರಿಮೆ. ರೋಗಕ್ಕೆ ಅವನ ಹೆಸರೇ ನಿಂತಿತು. ಅವನ ವರ್ಣನೆಯ ಪೂರ್ಣತೆಯನ್ನು ನೋಡಿದರೆ ಇದು ಅನ್ಯಾಯವೆನ್ನಲಾಗದು. ಆದರೆ ಮೂಲವನ್ನು ಮೊದಲು ಸರಿಯಾಗಿ ತೋರಿಸಿದವನನ್ನು ಮರೆತದ್ದು ನ್ಯಾಯವೂ ಅಲ್ಲ.

ಈ ರೋಗದ ಕ್ರೌರ್ಯವೆಂದರೆ ಅದು ಮೊದಲು ಪುಷ್ಟಿಯ ವೇಷದಲ್ಲಿ ಬರುವುದು. ಮೂರು ನಾಲ್ಕು ವರ್ಷದ ಮಗುವಿನ ಮೀನಖಂಡವು ದಪ್ಪನಾಗುತ್ತದೆ, ಹಿರಿಯರು ಹರ್ಷಿಸುತ್ತಾರೆ. ಆದರೆ ಮಗು ಪದೇ ಪದೇ ಬೀಳುತ್ತದೆ, ಮೆಟ್ಟಲು ಹತ್ತಲಾರದು. ನೆಲದಿಂದ ಏಳುವಾಗ ಕೈಗಳನ್ನು ಮೊಣಕಾಲಿಗೂ ತೊಡೆಗೂ ಊರಿ, ತನ್ನ ಮೈಯನ್ನೇ ತಾನು ಹತ್ತಿಕೊಂಡು ನಿಲ್ಲುತ್ತದೆ. 1879ರಲ್ಲಿ ಈ ಲಕ್ಷಣವನ್ನು ವಿವರಿಸಿದ ಗೋವರ್ಸನ ಹೆಸರಿನಿಂದಲೇ ವೈದ್ಯರು ಅದನ್ನು ಈಗಲೂ ಕರೆಯುವರು. ಬಾಲ್ಯ ಕಳೆಯುವುದರೊಳಗೆ ನಡಿಗೆ ನಿಲ್ಲುತ್ತದೆ. ಕ್ರಮೇಣ ಉಸಿರಾಟದ ಪೇಶಿಗಳೂ, ಮೂರನೆಯ ಜಾತಿಯದಾದ ಹೃದಯದ ಪೇಶಿಯೂ ಸೋಲುತ್ತವೆ.

1986ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಲೂಯಿ ಕುಂಕೆಲ್ ಮತ್ತು ಸಹೋದ್ಯೋಗಿಗಳು ಈ ರೋಗದ ಜೀನನ್ನು ಎಕ್ಸ್ ವರ್ಣತಂತುವಿನಲ್ಲಿ ಕಂಡುಹಿಡಿದರು. ಮರುವರ್ಷ ಅದರಿಂದ ಹುಟ್ಟುವ ಪ್ರೋಟೀನಿಗೆ ಡಿಸ್ಟ್ರೋಫಿನ್ ಎಂದು ಹೆಸರಿಟ್ಟರು. ಗಂಡಿಗೆ ಎಕ್ಸ್ ಒಂದೇ, ಅದೂ ತಾಯಿಯಿಂದ ಬಂದದ್ದು. ಹೆಣ್ಣಿಗೆ ಎರಡಿರುವುದರಿಂದ ಒಂದು ಕೆಟ್ಟರೂ ಸಾಮಾನ್ಯವಾಗಿ ಮತ್ತೊಂದು ಕಾಯುತ್ತದೆ. ಡಿಸ್ಟ್ರೋಫಿನ್ ಇರುವ ಸ್ಥಳವಾದರೋ ಪೇಶೀತಂತುವಿನ ಪೊರೆಯ ಒಳಮಗ್ಗುಲು. ಅದಿಲ್ಲದಿದ್ದರೆ ಪೇಶಿಯು ದುಡಿದಾಗಲೆಲ್ಲ ಪೊರೆಯು ಹರಿಯುತ್ತದೆ. ಸುಮಾರು 135 ವರ್ಷಗಳ ಹಿಂದೆ ಮೇರಿಯನ್ನನು ಕಂಡಿದ್ದುದು ಇದೇ ಹರಿದ ಪೊರೆಯನ್ನು.

ಸ್ಟೀರಾಯ್ಡ್ ಔಷಧಗಳಿಂದ ರೋಗದ ವೇಗವು ತಗ್ಗುತ್ತದೆ, ಉಸಿರಾಟಕ್ಕೆ ಯಂತ್ರದ ನೆರವಿನಿಂದ ಆಯುಷ್ಯವು ಬೆಳೆದಿದೆ. ಪೂರ್ಣ ನಿವಾರಣೆಯು ಇನ್ನೂ ಸಾಧ್ಯವಾಗಿಲ್ಲ. ಅಲನ್ ಎಮರಿ ಮತ್ತು ಮಾರ್ಷಿಯ ಎಮರಿಯವರು 1995ರಲ್ಲಿ ಈ ರೋಗದ ಇತಿಹಾಸವನ್ನು ಗ್ರಂಥವಾಗಿ ಬರೆದು, ಅದರ ಶೀರ್ಷಿಕೆಯಲ್ಲಿ ದುಶೇನನ ಹೆಸರಿನ ಪಕ್ಕದಲ್ಲಿ ಅಥವಾ ಎಂಬ ಮಾತನ್ನು ಸೇರಿಸಿ ಮೇರಿಯನ್ನನ ಹೆಸರನ್ನೂ ಇಟ್ಟರು. ಆಸ್ಪತ್ರೆಗಳಲ್ಲಿ ಹಳೆಯ ಹೆಸರೇ ನಡೆಯುತ್ತಿದೆ.