ಬಾಹ್ಯಾಕಾಶ ನಿಲ್ದಾಣದ ದಿನಚರಿ ಮತ್ತು ಧಾರವಾಡದ ಮೊಳಕೆಕಾಳು

ಹುನಗುಂದದಿಂದ ಬೆಂಗಳೂರಿಗೆ ರಸ್ತೆಯಲ್ಲಿ ಎಷ್ಟು ದೂರವೋ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ, ಎಂದರೆ ಸುಮಾರು 400 ಕಿ.ಮೀ. ಮೇಲೆ, ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಭೂಮಿಯನ್ನು ಸುತ್ತುತ್ತಿದೆ. ಅದರ ವೇಗ ಗಂಟೆಗೆ ಸುಮಾರು 28,000 ಕಿ.ಮೀ.; ಒಂದು ಸುತ್ತಿಗೆ ಸುಮಾರು 90 ನಿಮಿಷ. 2000ದ ನವೆಂಬರ್ 2ರಿಂದ ಈ ನಿಲ್ದಾಣ ಒಂದು ದಿನವೂ ಜನರಿಲ್ಲದೆ ಉಳಿದಿಲ್ಲ. ಮುಸ್ಸಂಜೆ ಇಲ್ಲವೇ ನಸುಕಿನಲ್ಲಿ ಹುನಗುಂದದ ಆಕಾಶವನ್ನು ಹಾದುಹೋಗುವಾಗ, ಮಿನುಗದೆ ಚಲಿಸುವ ನಕ್ಷತ್ರದಂತೆ ಬರಿಗಣ್ಣಿಗೇ ಕಾಣುತ್ತದೆ.

ಅಲ್ಲಿ ಗುರುತ್ವಾಕರ್ಷಣೆಯೇ ಇಲ್ಲವೆಂಬುದು ತಪ್ಪು ತಿಳಿವಳಿಕೆ. ಆ ಎತ್ತರದಲ್ಲಿ ಭೂಮಿಯ ಸೆಳೆತ ಶೇ. 90ರಷ್ಟು ಉಳಿದಿರುತ್ತದೆ. ಆದರೆ ನಿಲ್ದಾಣವೂ ಅದರೊಳಗಿನ ಜನರೂ ಒಟ್ಟಿಗೆ ಭೂಮಿಯ ಸುತ್ತ ಬೀಳುತ್ತಲೇ ಇರುವುದರಿಂದ ಯಾವುದಕ್ಕೂ ತೂಕದ ಅನುಭವವಾಗುವುದಿಲ್ಲ. ದಿನನಿತ್ಯದ ಪ್ರತಿಯೊಂದು ಕೆಲಸವನ್ನೂ ಹೊಸದಾಗಿ ಕಲಿಯಬೇಕಾಗುವುದು ಈ ಕಾರಣದಿಂದಲೇ.

ನಿದ್ರೆ, ನೀರು, ವ್ಯಾಯಾಮ

ದಿನಕ್ಕೆ 16 ಬಾರಿ ಸೂರ್ಯೋದಯವಾಗುವುದರಿಂದ ಅಲ್ಲಿ ಹಗಲು ರಾತ್ರಿಗಳನ್ನು ನಂಬುವಂತಿಲ್ಲ. ಗ್ರೀನ್‌ವಿಚ್ ಸಮಯವನ್ನು ಅನುಸರಿಸಲಾಗುತ್ತದೆ. ಗಗನಯಾತ್ರಿಗಳು ಗೋಡೆಗೆ ಕಟ್ಟಿದ ಚೀಲದೊಳಗೆ ಮಲಗುತ್ತಾರೆ. ಬಿಸಿ ಗಾಳಿ ಮೇಲೇರದ ಕಾರಣ, ಫ್ಯಾನ್ ನಿಂತರೆ ಬಿಟ್ಟ ಉಸಿರು ಮುಖದ ಸುತ್ತಲೇ ಶೇಖರವಾಗುತ್ತದೆ. ಸ್ನಾನದ ಬದಲು ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಳ್ಳಬೇಕು. ಬೆವರು, ಉಸಿರಿನ ತೇವ, ಮೂತ್ರ ಎಲ್ಲವನ್ನೂ ಶುದ್ಧೀಕರಿಸಿ ಮತ್ತೆ ಕುಡಿಯಲು ಬಳಸಲಾಗುತ್ತದೆ. ಹೀಗೆ ಮರಳಿ ಪಡೆಯುವ ನೀರಿನ ಪ್ರಮಾಣ 2023ರಲ್ಲಿ ಶೇ. 98ಕ್ಕೆ ಏರಿತು.

ಭಾರ ಹೊರದ ಮೂಳೆಗಳು ತಿಂಗಳಿಗೆ ಶೇ. 1ರಿಂದ 1.5ರಷ್ಟು ಸಾಂದ್ರತೆ ಕಳೆದುಕೊಳ್ಳಬಲ್ಲವು. ಅದನ್ನು ತಡೆಯಲು ಪಟ್ಟಿಗಳಿಂದ ದೇಹವನ್ನು ಕಟ್ಟಿಕೊಂಡು ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮ ಮಾಡುವುದು ಕಡ್ಡಾಯ. ಉಳಿದ ಹೊತ್ತು ಪ್ರಯೋಗ, ಯಂತ್ರಗಳ ದುರಸ್ತಿ. ವಾರಾಂತ್ಯದಲ್ಲಿ ಮನೆಯಲ್ಲಿರುವಂತೆಯೇ ಕಸ ತೆಗೆದು ಒರೆಸುವ ಕೆಲಸ.

ಊಟದ ಪ್ರಶ್ನೆ

ಬಾಗಲಕೋಟೆ ಜಿಲ್ಲೆಯ ಕಟಕ ರೊಟ್ಟಿ ಅಲ್ಲಿಗೆ ಸಲ್ಲದು. ಮುರಿದಾಗ ಉದುರುವ ಚೂರುಗಳು ತೇಲಿ ಕಣ್ಣಿಗೋ ಉಪಕರಣಕ್ಕೋ ಸೇರಬಹುದು. ಇದೇ ಕಾರಣಕ್ಕೆ ಬ್ರೆಡ್ ಬದಲು ಮೃದುವಾದ, ಚಪಾತಿಯಂತಹ ಟೋರ್ಟಿಯಾ ಬಳಕೆಯಲ್ಲಿದೆ. ಉಪ್ಪು, ಮೆಣಸು ಕೂಡ ದ್ರವ ರೂಪದಲ್ಲಿರುತ್ತವೆ. 1984ರ ಏಪ್ರಿಲ್‌ನಲ್ಲಿ ಸೋವಿಯತ್ ನಿಲ್ದಾಣ ಸಲ್ಯೂಟ್-7ಕ್ಕೆ ತೆರಳಿದ ರಾಕೇಶ್ ಶರ್ಮಾ ಅವರಿಗೆ ಭಾರತೀಯ ತಿನಿಸುಗಳನ್ನು ಸಿದ್ಧಪಡಿಸಿದ್ದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ.

ಆದರೆ ಸಂಸ್ಕರಿಸಿದ ಆಹಾರವನ್ನು ಎಷ್ಟೇ ಜೋಪಾನವಾಗಿಟ್ಟರೂ ಕಾಲ ಕಳೆದಂತೆ ಕೆಲವು ಜೀವಸತ್ವಗಳು ಕುಂದುತ್ತವೆ. ನಿಲ್ದಾಣಕ್ಕಾದರೆ ಸರಕು ನೌಕೆಗಳು ಆಗಾಗ ಬರುತ್ತವೆ. ಮಂಗಳದತ್ತ ಹೊರಟವರಿಗೆ ಆ ಅನುಕೂಲ ಇರದು. ತಾಜಾ ಆಹಾರವನ್ನು ನೌಕೆಯಲ್ಲೇ ಪಡೆಯುವುದು ಹೇಗೆ ಎಂಬುದು ಹೀಗಾಗಿ ಜೀವನ್ಮರಣದ ಪ್ರಶ್ನೆ.

ಉತ್ತರ ಕರ್ನಾಟಕದ ಉತ್ತರ

ಈ ಪ್ರಶ್ನೆಗೆ ಉತ್ತರ ಹುಡುಕುವ ಒಂದು ಪ್ರಯೋಗ ಧಾರವಾಡದಿಂದ ಹೋಯಿತು. ಕೃಷಿ ವಿಶ್ವವಿದ್ಯಾಲಯದ ರವಿಕುಮಾರ ಹೊಸಮನಿ ಹಾಗೂ ಧಾರವಾಡ ಐಐಟಿಯ ಸುಧೀರ್ ಸಿದ್ದಾಪುರೆಡ್ಡಿ ಇದರ ನೇತೃತ್ವ ವಹಿಸಿದ್ದರು. ಆಯ್ಕೆಯಾದದ್ದು ಹೆಸರುಕಾಳು ಮತ್ತು ಮೆಂತ್ಯ. ಹುನಗುಂದ, ಇಳಕಲ್ಲ ಕಡೆಯ ಮನೆಗಳಲ್ಲಿ ಕಾಳನ್ನು ರಾತ್ರಿ ನೆನೆಹಾಕಿ, ಅರಿವೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ರೊಟ್ಟಿಗೆ ಪಲ್ಯ ಮಾಡುವುದು ಹಳೆಯ ರೂಢಿ. ಮೊಳಕೆಗೆ ಮಣ್ಣು ಬೇಡ, ಬಿಸಿಲು ಬೇಡ, ಹೆಚ್ಚು ಜಾಗವೂ ಬೇಡ. ಎರಡು ಮೂರು ದಿನಗಳಲ್ಲಿ ತಿನ್ನಲು ಸಿದ್ಧ. ಒಣಕಾಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಇರುವ ಸಿ ಜೀವಸತ್ವ ಮೊಳಕೆಯಲ್ಲಿ ಹೆಚ್ಚುತ್ತದೆ.

ಕಕ್ಷೆಯಲ್ಲಿ ಈ ಸುಲಭದ ಕೆಲಸವೂ ತೊಡಕಿನದು. ಬೇರು ಕೆಳಗೆ, ಚಿಗುರು ಮೇಲೆ ಎಂಬ ದಿಕ್ಕನ್ನು ತೋರುವುದು ಗುರುತ್ವ. ಅದರ ಅನುಭವವಿಲ್ಲದಿದ್ದರೆ ಬೇರಿಗೆ ದಿಕ್ಕು ತಪ್ಪುತ್ತದೆ. ಹರಿದುಹೋಗದ ನೀರು ಕಾಳಿಗೆ ಗುಳ್ಳೆಯಂತೆ ಅಂಟಿಕೊಂಡು ಗಾಳಿಯನ್ನು ತಡೆಯಬಹುದು.

2025ರ ಜೂನ್ 25ರಂದು ಆಕ್ಸಿಯಂ-4 ಯಾನದಲ್ಲಿ ಹೊರಟ ಶುಭಾಂಶು ಶುಕ್ಲಾ ಮರುದಿನ ನಿಲ್ದಾಣ ತಲುಪಿದರು. ಅಲ್ಲಿಗೆ ಹೋದ ಮೊದಲ ಭಾರತೀಯ ಅವರು. ಕಾಳುಗಳು ಮೊಳೆತ ಬಳಿಕ ಅವರು ಅವುಗಳ ಚಿತ್ರ ತೆಗೆದು ಫ್ರೀಜರ್‌ನಲ್ಲಿರಿಸಿದರು. ಜುಲೈ 15ರಂದು ಅವರ ನೌಕೆ ಭೂಮಿಗೆ ಮರಳಿತು. ವಂಶವಾಹಿ, ಸೂಕ್ಷ್ಮಾಣು ಹಾಗೂ ಪೌಷ್ಟಿಕಾಂಶಗಳಲ್ಲಿ ಆಗುವ ಬದಲಾವಣೆಗಳನ್ನು ಅರಿಯುವುದು ಈ ಅಧ್ಯಯನದ ಉದ್ದೇಶ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಗಳೂ ಇದೇ ಯಾನದಲ್ಲಿದ್ದವು.

2035ರ ವೇಳೆಗೆ ಸ್ವಂತ ಬಾಹ್ಯಾಕಾಶ ನಿಲ್ದಾಣವನ್ನು ಸ್ಥಾಪಿಸುವ ಗುರಿಯನ್ನು ಭಾರತ ಹೊಂದಿದೆ. ಅಲ್ಲಿ ತಿಂಗಳುಗಟ್ಟಲೆ ಇರುವವರ ಊಟದಲ್ಲಿ ತಾಜಾ ಪದಾರ್ಥ ಏನಿರಬೇಕೆಂದು ನಿರ್ಧರಿಸುವಾಗ ಧಾರವಾಡದ ಕಾಳುಗಳು ನೀಡಿದ ಮಾಹಿತಿ ಉಪಯೋಗಕ್ಕೆ ಬರಲಿದೆ.