ಹುತ್ತದ ಉಸಿರು: ಹರಾರೆಯ ಈಸ್ಟ್‌ಗೇಟ್ ಕಟ್ಟಡವನ್ನು ಕುರಿತು ಒಂದು ಸಂಶೋಧನಾ ಟಿಪ್ಪಣಿ

ನಿಸರ್ಗದಿಂದ ಪಾಠ ಕಲಿತ ವಾಸ್ತುಶಿಲ್ಪದ ಮಾತು ಬಂದಾಗಲೆಲ್ಲ ಉದಾಹರಣೆಯಾಗಿ ಎದ್ದು ನಿಲ್ಲುವ ಕಟ್ಟಡವೊಂದು ಜಿಂಬಾಬ್ವೆಯ ರಾಜಧಾನಿ ಹರಾರೆಯಲ್ಲಿದೆ. ಹೆಸರು ಈಸ್ಟ್‌ಗೇಟ್ ಸೆಂಟರ್. ವಾಸ್ತುಶಿಲ್ಪಿ ಮಿಕ್ ಪಿಯರ್ಸ್, ಎಂಜಿನಿಯರಿಂಗ್ ಅರೂಪ್ ಸಂಸ್ಥೆಯದು. 1996ರಲ್ಲಿ ಬಳಕೆಗೆ ತೆರೆದುಕೊಂಡ ಈ ಅಂಗಡಿ-ಕಚೇರಿ ಸಂಕೀರ್ಣದಲ್ಲಿ ನಾವು ಕಂಡು ಬಲ್ಲಂಥ ಹವಾನಿಯಂತ್ರಣ ಯಂತ್ರಗಳಿಲ್ಲ. ‘ಇದನ್ನು ಗೆದ್ದಲ ಹುತ್ತದ ಮಾದರಿಯಲ್ಲಿ ಕಟ್ಟಿದ್ದಾರೆ, ಆದ್ದರಿಂದ ತಂಪಾಗಿದೆ’ ಎಂಬ ಮಾತು ಬರಹದಿಂದ ಬರಹಕ್ಕೆ ದಾಟಿಕೊಂಡು ಬಂದಿದೆ. ಹುತ್ತದ ಪ್ರೇರಣೆ ನಿಜ. ಕಟ್ಟಡ ತಂಪಾಗಿರುವುದೂ ನಿಜ. ನಡುವೆ ಕುಳಿತಿರುವ ‘ಆದ್ದರಿಂದ’ ಎಂಬ ಪದ ಮಾತ್ರ ನಿಲ್ಲುವುದಿಲ್ಲ. ಅದು ಏಕೆ ನಿಲ್ಲುವುದಿಲ್ಲ, ಅದನ್ನು ಕೈಬಿಟ್ಟ ಮೇಲೆ ನಮಗೆ ಉಳಿಯುವುದೇನು ಎಂಬುದಷ್ಟೇ ಈ ಟಿಪ್ಪಣಿಯ ವಿಷಯ.

ಮೊದಲು ಕಟ್ಟಡವನ್ನು ನೋಡೋಣ. ಒಂಬತ್ತು ಅಂತಸ್ತಿನ ಎರಡು ಉದ್ದನೆಯ ಕಟ್ಟಡಗಳು ಅಕ್ಕಪಕ್ಕ ನಿಂತಿವೆ. ನಡುವಿನ ಓಣಿಗೆ ಗಾಜಿನ ಚಾವಣಿಯಿದೆ. ನೆತ್ತಿಯ ಮೇಲೆ ಇಟ್ಟಿಗೆಯ 48 ಚಿಮಣಿಗಳ ಸಾಲು. ಕೆಳಗಡೆ ಎಳೆದುಕೊಂಡ ಗಾಳಿಯನ್ನು ಫ್ಯಾನುಗಳು ಕಟ್ಟಡದ ಬೆನ್ನೆಲುಬಿನಂತಿರುವ ಕೊಳವೆಗಳೊಳಗೆ ಮೇಲಕ್ಕೆ ತಳ್ಳುತ್ತವೆ. ಅಲ್ಲಿಂದ ಗಾಳಿ ಪ್ರತಿ ಅಂತಸ್ತಿನ ಟೊಳ್ಳು ನೆಲದೊಳಗೆ ಹರಿದು, ಗೋಡೆಯ ಬುಡದ ಜಾಲರಿಗಳಿಂದ ಕೋಣೆಗೆ ಬರುತ್ತದೆ. ಜನರ ಮತ್ತು ಯಂತ್ರಗಳ ಕಾವಿಗೆ ಬೆಚ್ಚಗಾಗಿ ಮೇಲೇರಿ, ಸೂರಿನಡಿಯ ಕಿಂಡಿಗಳ ಮೂಲಕ ಚಿಮಣಿ ಸೇರುತ್ತದೆ. ಟೊಳ್ಳು ನೆಲದೊಳಗೆ ಕಾಂಕ್ರೀಟಿನ ಹಲ್ಲುಗಳಿವೆ. ಗಾಳಿ ಅವುಗಳಿಗೆ ತಾಗಿ ತಡೆದು ಸಾಗುವುದರಿಂದ ಕಾಂಕ್ರೀಟಿನೊಡನೆ ಹೆಚ್ಚು ಶಾಖ ವಿನಿಮಯವಾಗುತ್ತದೆ.

ಇಡೀ ವ್ಯವಸ್ಥೆಯ ಗುಟ್ಟು ಇರುವುದು ರಾತ್ರಿಯಲ್ಲಿ. ಹರಾರೆ ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದ ಊರು. ಹಗಲಿಗೂ ಇರುಳಿಗೂ ಹತ್ತು ಡಿಗ್ರಿ ಮೀರಿದ ಅಂತರ ಅಲ್ಲಿ ಸಾಮಾನ್ಯ. ಇರುಳಲ್ಲಿ ದೊಡ್ಡ ಫ್ಯಾನುಗಳು ಗಂಟೆಗೆ ಹತ್ತು ಬಾರಿ ಒಳಗಿನ ಗಾಳಿ ಬದಲಾಗುವಷ್ಟು ತಣ್ಣನೆಯ ಗಾಳಿಯನ್ನು ನೆಲದೊಳಗೆ ಹಾಯಿಸಿ ಕಾಂಕ್ರೀಟನ್ನು ತಣಿಸುತ್ತವೆ. ಹಗಲಲ್ಲಿ ಸಣ್ಣ ಫ್ಯಾನುಗಳು ಗಂಟೆಗೆ ಎರಡು ಬಾರಿಯಷ್ಟೇ ಗಾಳಿ ಬದಲಿಸುತ್ತವೆ. ಆ ಗಾಳಿ ರಾತ್ರಿಯ ತಂಪನ್ನು ಹೊತ್ತು ಕೋಣೆಗೆ ಬರುತ್ತದೆ. ಕಿಟಕಿಗಳಿಗೆ ಆಳವಾದ ನೆರಳಿದೆ, ಹೊರಮೈಯಲ್ಲಿ ಗಾಜಿನ ಪಾಲು ಕಾಲುಭಾಗ ಮೀರದಂತೆ ನೋಡಿಕೊಂಡಿದ್ದಾರೆ. ಹೊರಗೋಡೆಯ ಮುಳ್ಳುಮುಳ್ಳಾದ ಮೈಗೆ ಪಿಯರ್ಸ್ ಹೇಳುವ ಹೋಲಿಕೆ ಪಾಪಾಸುಕಳ್ಳಿಯದು, ಹುತ್ತದ್ದಲ್ಲ. ಹರಾರೆಯ ಹವಾನಿಯಂತ್ರಿತ ಕಟ್ಟಡಗಳ ಸರಾಸರಿಗಿಂತ ಇಲ್ಲಿ ಒಟ್ಟು ವಿದ್ಯುತ್ ಬಳಕೆ ಶೇ. 35ರಷ್ಟು ಕಡಿಮೆ ಎಂಬುದು ವಿನ್ಯಾಸಕಾರರ ಕಡೆಯಿಂದ ಬಂದಿರುವ ಲೆಕ್ಕ. ಹೊರದೇಶದಿಂದ ತರಿಸಬೇಕಾದ ಯಂತ್ರ, ಅದರ ಬಿಡಿಭಾಗ, ಅದಕ್ಕೆ ತೆರಬೇಕಾದ ವಿದೇಶಿ ವಿನಿಮಯ, ಇವೆಲ್ಲದರ ಹೊರೆ ತಪ್ಪಿದ್ದು ಜಿಂಬಾಬ್ವೆಯಂಥ ದೇಶಕ್ಕೆ ಸಣ್ಣ ಸಂಗತಿಯಲ್ಲ. ಇಷ್ಟನ್ನು ಹೇಳುವಾಗ ಎಲ್ಲಿಯೂ ಹುತ್ತದ ಪ್ರಸ್ತಾಪ ಬೇಕಾಗಲಿಲ್ಲ ಎಂಬುದನ್ನು ಗಮನಿಸಬೇಕು.

ಪಿಯರ್ಸ್ ತಮ್ಮ ವಿನ್ಯಾಸಕ್ಕೆ ಆಧಾರವಾಗಿಟ್ಟುಕೊಂಡ ಹುತ್ತದ ಕಲ್ಪನೆ ಎಲ್ಲಿಂದ ಬಂತು? ಸ್ವಿಟ್ಜರ್ಲೆಂಡಿನ ಕೀಟವಿಜ್ಞಾನಿ ಮಾರ್ಟಿನ್ ಲ್ಯೂಷರ್ 1961ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಗೆದ್ದಲ ಗೂಡುಗಳ ಹವಾನಿಯಂತ್ರಣವನ್ನು ವಿವರಿಸಿದ್ದರು. ಲಕ್ಷಗಟ್ಟಲೆ ಗೆದ್ದಲುಗಳೂ ಅವು ಸಾಕುವ ಶಿಲೀಂಧ್ರವೂ ಉಸಿರಾಡಿ ಹೊಮ್ಮಿಸುವ ಕಾವಿಗೆ ಗೂಡಿನ ಗಾಳಿ ಮೇಲೇರುತ್ತದೆ. ಹುತ್ತದ ಹೊರಪಕ್ಕೆಗಳೊಳಗೆ ಇಳಿಯುತ್ತ ತಣಿದು, ತಾಜಾ ಆಗಿ, ಕೆಳಗಿನ ನೆಲಮಾಳಿಗೆಗೆ ಮರಳುತ್ತದೆ. ಇದು ಬಾಯಿ ಮುಚ್ಚಿದ ಹುತ್ತದ ವಿವರಣೆ. ಬಾಯಿ ತೆರೆದ ಹುತ್ತಗಳಿಗೆ ಮುಂದೆ ಬೇರೆ ವಿವರಣೆ ಬಂತು: ಮೇಲೆ ಬೀಸುವ ಗಾಳಿ ಚಿಮಣಿಯಂತೆ ಒಳಗಿನದನ್ನು ಎಳೆಯುತ್ತದೆ. ಈಸ್ಟ್‌ಗೇಟಿನಲ್ಲಿ ಎರಡೂ ಸೇರಿವೆ. ಎರಡಕ್ಕೂ ಬೆನ್ನೆಲುಬಾಗಿದ್ದ ನಂಬಿಕೆ ಒಂದೇ, ಗೂಡಿನ ಉಷ್ಣತೆಯನ್ನು ಸ್ಥಿರವಾಗಿಡುವುದಕ್ಕೇ ಗೆದ್ದಲು ಹುತ್ತ ಕಟ್ಟುತ್ತದೆ ಎಂಬುದು.

ಆ ನಂಬಿಕೆಗೆ ಪೆಟ್ಟು ಬಿದ್ದದ್ದು ನಮೀಬಿಯಾದಲ್ಲಿ. ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ಜೆ. ಸ್ಕಾಟ್ ಟರ್ನರ್ ‘ಮ್ಯಾಕ್ರೋಟರ್ಮಿಸ್ ಮೈಕೆಲ್ಸೆನಿ’ ಎಂಬ ಗೆದ್ದಲಿನ ಹುತ್ತದೊಳಗೆ ಗುರುತು ಹಿಡಿಯಬಲ್ಲ ಅನಿಲವನ್ನು ಬಿಟ್ಟು ಅದರ ಜಾಡು ಅನುಸರಿಸಿದರು. ಲ್ಯೂಷರ್ ಬರೆದ ಅಚ್ಚುಕಟ್ಟಾದ ವೃತ್ತ ಅಲ್ಲಿ ಸಿಗಲಿಲ್ಲ. 2008ರಲ್ಲಿ ಟರ್ನರ್ ಮತ್ತು ರೂಪರ್ಟ್ ಸೋರ್ ಜೊತೆಯಾಗಿ ಬರೆದ ಪ್ರಬಂಧ ಈಸ್ಟ್‌ಗೇಟನ್ನೇ ಹೆಸರಿಸಿ ವಿಷಯವನ್ನು ಬಿಡಿಸಿ ಹೇಳಿತು. ಗೂಡಿನ ಉಷ್ಣತೆ ಸುತ್ತಲಿನ ನೆಲದ ಉಷ್ಣತೆಯನ್ನು ಅನುಸರಿಸಿ ಋತುವಿನೊಡನೆ ಏರುತ್ತದೆ, ಇಳಿಯುತ್ತದೆ. ದಿನದ ಬಿಸಿಲಿನ ಏರುಪೇರನ್ನು ತಡೆಯುವುದು ಮಣ್ಣಿನ ದಪ್ಪ. ಗಾಳಿಯ ಓಡಾಟ ಅಲ್ಲ. ಹಾಗಾದರೆ ಹುತ್ತ ಯಾವುದಕ್ಕೆ? ಉಸಿರಾಟಕ್ಕೆ. ನೆಲದಡಿಯ ಗೂಡಿನಲ್ಲಿ ತುಂಬುವ ಇಂಗಾಲದ ಡೈಆಕ್ಸೈಡನ್ನು ಹೊರಹಾಕಿ ಆಮ್ಲಜನಕವನ್ನು ಒಳತರುವ ಅಂಗ ಅದು. ಇಬ್ಬರೂ ಅದನ್ನು ಹೋಲಿಸಿದ್ದು ಶ್ವಾಸಕೋಶಕ್ಕೆ, ಚಿಮಣಿಗೆ ಅಲ್ಲ.

ಇಲ್ಲಿ ನಮ್ಮ ನೆಲಕ್ಕೆ ಬರಬೇಕಾಗುತ್ತದೆ. ಕರ್ನಾಟಕದ ಬಯಲಿನಲ್ಲಿ, ಬೇಲಿಯಂಚಿನಲ್ಲಿ ಆಳೆತ್ತರ ಬೆಳೆದು, ಮೈತುಂಬ ಏಣುಗಳಿರುವ ಹುತ್ತವನ್ನು ನೋಡದವರು ಕಡಿಮೆ. ನಾಗರಪಂಚಮಿಯಂದು ನಾವು ಹಾಲೆರೆಯುವುದು ಇಂಥ ಹುತ್ತಕ್ಕೇ. ಅದನ್ನು ಕಟ್ಟುವ ‘ಓಡೊಂಟೋಟರ್ಮಿಸ್ ಒಬೆಸಸ್’ ಎಂಬ ಗೆದ್ದಲಿನ ಹುತ್ತಗಳನ್ನು ಬೆಂಗಳೂರಿನಲ್ಲಿ ಅಳೆದು, ಹಂಟರ್ ಕಿಂಗ್, ಸ್ಯಾಮ್ಯುಯೆಲ್ ಓಕೊ ಮತ್ತು ಎಲ್. ಮಹಾದೇವನ್ 2015ರಲ್ಲಿ ಪ್ರಕಟಿಸಿದ ಫಲಿತಾಂಶ ನನ್ನ ದೃಷ್ಟಿಯಲ್ಲಿ ಈ ಚರ್ಚೆಯ ಅತಿ ಮುಖ್ಯ ತಿರುವು. ಹೊರಗೆ ಚಾಚಿದ ತೆಳು ಪಕ್ಕೆಗಳು ಬಿಸಿಲಿಗೆ ಬೇಗ ಕಾಯುತ್ತವೆ, ನಡುವಿನ ದಪ್ಪ ಒಡಲು ನಿಧಾನವಾಗಿ. ಆದ್ದರಿಂದ ಹಗಲಲ್ಲಿ ಪಕ್ಕೆಗಳೊಳಗೆ ಗಾಳಿ ಏರುತ್ತದೆ, ನಡುವೆ ಇಳಿಯುತ್ತದೆ. ಇರುಳಲ್ಲಿ ಪಕ್ಕೆಗಳು ಮೊದಲು ತಣಿಯುವುದರಿಂದ ಹರಿವು ತಿರುಗುಮುರುಗಾಗುತ್ತದೆ. ಗಾಳಿಯ ವೇಗ ಸೆಕೆಂಡಿಗೆ ಕೆಲವೇ ಸೆಂಟಿಮೀಟರ್. ಹಗಲೆಲ್ಲ ಗೂಡಿನಲ್ಲಿ ಕೂಡಿಕೊಂಡ ಇಂಗಾಲದ ಡೈಆಕ್ಸೈಡ್ ರಾತ್ರಿ ಈ ಹರಿವಿನಲ್ಲಿ ತೊಳೆದುಹೋಗುತ್ತದೆ.

ಹಗಲಿರುಳಿನ ಉಷ್ಣತೆಯ ವ್ಯತ್ಯಾಸವೇ ಇಲ್ಲಿ ಇಂಧನ. ಹರಾರೆಯ ಕಟ್ಟಡಕ್ಕೂ ಅದೇ ಇಂಧನ. ಪಿಯರ್ಸ್ ತಪ್ಪು ಮಾದರಿಯನ್ನು ಕೈಯಲ್ಲಿ ಹಿಡಿದು ಹೊರಟರೂ, ತಮ್ಮ ಊರಿನ ಹವೆಯನ್ನು ನಿಷ್ಠೆಯಿಂದ ಓದಿದ್ದರಿಂದ, ಹತ್ತೊಂಬತ್ತು ವರ್ಷ ಕಳೆದು ಬೆಂಗಳೂರಿನ ಹುತ್ತಗಳಲ್ಲಿ ಕಾಣಿಸಿಕೊಂಡ ತತ್ತ್ವದ ಹತ್ತಿರಕ್ಕೇ ಹೋಗಿ ನಿಂತಿದ್ದರು. ಆದರೂ ಎರಡನ್ನೂ ಒಂದೇ ಎನ್ನಲಾಗದು. ಕಟ್ಟಡ ರಾತ್ರಿಯ ತಂಪನ್ನು ಕೂಡಿಟ್ಟು ಹಗಲಿಗೆ ಖರ್ಚು ಮಾಡುತ್ತದೆ. ಹುತ್ತ ಏನನ್ನೂ ಕೂಡಿಡುತ್ತಿಲ್ಲ, ಉಸಿರು ಬಿಡುತ್ತಿದೆ. ಕಟ್ಟಡಕ್ಕೆ ಫ್ಯಾನು ಬೇಕು, ಹುತ್ತಕ್ಕೆ ಬೇಡ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ಆಳದ್ದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನಿ ರೆನೆ ಬೋರ್ಜಸ್ ಮತ್ತು ಸಿವಿಲ್ ಎಂಜಿನಿಯರಿಂಗ್ ವಿಭಾಗದ ತೇಜಸ್ ಮೂರ್ತಿ ಅವರ ತಂಡಗಳು ಇದೇ ಜಾತಿಯ ಗೆದ್ದಲಿನ ಮಣ್ಣುಗೆಲಸವನ್ನು ಹಲವು ವರ್ಷ ಪರೀಕ್ಷಿಸಿವೆ. ಗೆದ್ದಲು ಕಟ್ಟುವುದು ಒದ್ದೆಮಣ್ಣಿನ ಸಣ್ಣ ಉಂಡೆಗಳಿಂದ. ಅದಕ್ಕೆ ಅದೇ ಇಟ್ಟಿಗೆ. ಉಂಡೆಯ ತೇವ ಒಂದು ಹದದಲ್ಲೇ ಇರಬೇಕು, ಜೊತೆಗೆ ಗೆದ್ದಲಿನ ಬಾಯಿಂದ ಬರುವ ದ್ರವ ಮಣ್ಣನ್ನು ಬೆಸೆದು ಗಟ್ಟಿಮಾಡುತ್ತದೆ. ಹುತ್ತದ ಒಳತಿರುಳು ಒತ್ತಾದದ್ದು, ಹೊರಕವಚ ರಂಧ್ರಮಯ. ಈ ಹೊರಕವಚ ಮಳೆಗಾಳಿಗೆ ಸವೆಯುತ್ತಲೇ ಇರುತ್ತದೆ, ಗೆದ್ದಲು ಅದನ್ನು ಮತ್ತೆ ಮತ್ತೆ ಮೆತ್ತುತ್ತಲೇ ಇರುತ್ತದೆ. ಅಂದರೆ ಹುತ್ತ ಎಂದೂ ಕಟ್ಟಿ ಮುಗಿದ ವಸ್ತುವಲ್ಲ. ಮಣ್ಣಿನ ಮನೆಯ ಗೋಡೆಯನ್ನು ವರ್ಷವರ್ಷವೂ ಸಾರಿಸಿ ಕಾಪಾಡಿದ ನಮ್ಮ ಹಳ್ಳಿಯ ಹೆಣ್ಣುಮಕ್ಕಳಿಗೆ ಈ ಮಾತು ಹೊಸದಲ್ಲ. ಕೀಲಿಕೈ ಹಸ್ತಾಂತರಿಸಿದ ದಿನವೇ ಮುಗಿಯಿತು ಎಂದುಕೊಳ್ಳುವ ಇಂದಿನ ನಿರ್ಮಾಣಕ್ಕೆ ಇದು ಅಪರಿಚಿತ. ಹುತ್ತದಿಂದ ಕಲಿಯಬೇಕಾದದ್ದರಲ್ಲಿ ಇದನ್ನೇ ನಾವು ಹೆಚ್ಚು ಕಡೆಗಣಿಸಿದ್ದೇವೆ ಎಂದು ನನಗೆ ತೋರುತ್ತದೆ.

ಮುಂದಿನ ಕಾಲದ ಕಟ್ಟಡಕ್ಕೆ ದಾರಿ ತೋರುವ ಪ್ರಯೋಗವೂ ಈ ಹೊರಕವಚದಿಂದಲೇ ಹುಟ್ಟಿದೆ. 2023ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಡೇವಿಡ್ ಆಂದ್ರೀನ್ ಮತ್ತು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಟ್ರೆಂಟ್ ವಿಶ್ವವಿದ್ಯಾಲಯದ ರೂಪರ್ಟ್ ಸೋರ್ ನಮೀಬಿಯಾದ ಹುತ್ತದ ಹೊರಪದರದಲ್ಲಿರುವ ಸುರಂಗಜಾಲವನ್ನು ವಿವರಿಸಿದರು. ಸುರಂಗಗಳ ಅಗಲ 3ರಿಂದ 5 ಮಿಲಿಮೀಟರ್. ಒಳಗಿನ ದೊಡ್ಡ ಕೊಳವೆಗಳನ್ನು ಅವು ಹೊರಮೈಗೆ ಜೋಡಿಸುತ್ತವೆ. ಈ ಜಾಲದ ತುಣುಕನ್ನೂ ಅದರ ತ್ರಿ-ಆಯಾಮ ಮುದ್ರಿತ ಪ್ರತಿಯನ್ನೂ ಇಟ್ಟುಕೊಂಡು, ಧ್ವನಿವರ್ಧಕದಿಂದ ಗಾಳಿಯನ್ನು ಹಿಂದೆಮುಂದೆ ಅಲುಗಾಡಿಸಿ, ಅನಿಲ ಎಷ್ಟು ದಾಟುತ್ತದೆಂದು ಅಳೆದರು. ಸೆಕೆಂಡಿಗೆ 30ರಿಂದ 40 ಕಂಪನಗಳಿದ್ದಾಗ ವಿನಿಮಯ ಅತಿ ಹೆಚ್ಚು. ಅದಕ್ಕೂ ಮೀರಿದಾಗ ಇಳಿಮುಖ. ಗಾಳಿ ಒಂದೇ ದಿಕ್ಕಿಗೆ ಹರಿಯಬೇಕಿಲ್ಲ, ಜಾಲದೊಳಗೆ ನಡುಗಿದರೂ ಸಾಕು. ತೇವವೂ ಅನಿಲವೂ ಗೋಡೆಯ ಮೂಲಕವೇ ದಾಟುತ್ತವೆ, ಕಿಟಕಿಯನ್ನು ಕೇಳದೆ. ಇಂಥ ಗೋಡೆ ಈಗ ಪ್ರಯೋಗಶಾಲೆಯ ತುಣುಕಿನ ಅಳತೆಯಲ್ಲಿದೆ. ಅಂತಸ್ತುಗಳ ಎತ್ತರಕ್ಕೆ ಅದನ್ನು ಏರಿಸಬೇಕಾದರೆ ಮಳೆ, ಧೂಳು, ಬೆಂಕಿ, ಗೂಡು ಕಟ್ಟುವ ಹುಳಗಳು, ಎಲ್ಲಕ್ಕೂ ಉತ್ತರ ಹುಡುಕಬೇಕು. ಆದರೂ ದಿಕ್ಕು ಸರಿಯಾದದ್ದು. ನಾಳಿನ ನಗರಗಳ ಚಿತ್ರಗಳಲ್ಲಿ ಎಲೆಯಾಕಾರದ, ಹುತ್ತದಾಕಾರದ ಗೋಪುರಗಳನ್ನು ಧಾರಾಳವಾಗಿ ಬರೆಯುತ್ತಾರೆ. ನಿಸರ್ಗದಿಂದ ಎರವಲು ತರುವುದರಲ್ಲಿ ಆಕಾರವೇ ಅತಿ ಸುಲಭದ್ದು, ಅತಿ ಕಡಿಮೆ ಉಪಯೋಗದ್ದು.

ಈಸ್ಟ್‌ಗೇಟನ್ನು ಹುತ್ತದ ನಕಲು ಎಂದು ಕರೆಯುವುದನ್ನು ಬಿಟ್ಟು, ಹಗಲಿರುಳಿನ ಅಂತರವನ್ನು ದುಡಿಸಿಕೊಂಡ ಕಟ್ಟಡವೆಂದು ಕರೆಯುವುದು ನ್ಯಾಯ. ಅದರ ನಿಜವಾದ ಸಾಧನೆಗೆ ಆ ವರ್ಣನೆಯೇ ತಕ್ಕದ್ದು. ಇನ್ನು ಬೆಂಗಳೂರು, ಮೈಸೂರು, ತುಮಕೂರುಗಳಲ್ಲಿ ಕಟ್ಟಡ ಕಲಿಯುವ ವಿದ್ಯಾರ್ಥಿಗಳಿಗೆ ಒಂದು ಬಿನ್ನಹ: ನಿವೇಶನ ಸಮಮಾಡಲು ಜೆಸಿಬಿ ಬರುವ ಮುನ್ನ ಅಲ್ಲಿರುವ ಹುತ್ತದ ಪಕ್ಕೆಯಲ್ಲೊಂದು, ಒಡಲಲ್ಲೊಂದು ಉಷ್ಣಮಾಪಕ ಇಟ್ಟು, ಒಂದು ಹಗಲು ಒಂದು ರಾತ್ರಿಯ ಅಂಕಿಗಳನ್ನು ಬರೆದುಕೊಳ್ಳಿ.